ಸೋಫದ ಹೊಲಿಗೆಯೂ ಇಂಗ್ಲಿಷಿನ ವ್ಯಾಕರಣವೂ

ಬೆಲೆ ಕೊಟ್ಟು ತಂದ ಸೋಫದ ಮೇಲುಬಟ್ಟೆ ವರ್ಷ ತುಂಬುವ ಮೊದಲೇ ಹರಿದರೆ ಯಾವ ಗೃಹಸ್ಥನಿಗೆ ತಾನೆ ಬೇಸರವಾಗದು? ಮಾರಿದವರು ಹೊಸಪೇಟೆಯಲ್ಲಿಯೋ ಕಂಪ್ಲಿಯಲ್ಲಿಯೋ ಇದ್ದರೆ ಹೋಗಿ ಬಾಯಿಮಾತಿನಲ್ಲಿಯೇ ಹೇಳಬಹುದು. ತಯಾರಿಸಿದವರು ಪರಪ್ರಾಂತದವರಾದರೆ ಇಂಗ್ಲಿಷಿನಲ್ಲಿ ದೂರು ಬರೆಯಬೇಕಾಗುವುದು. ತೊಡಕು ಮೊದಲಾಗುವುದು ಅಲ್ಲಿಯೇ.

ಇಂಗ್ಲಿಷು ಅರ್ಜಿ ನಮ್ಮ ಸೀಮೆಗೆ ಹೊಸತಲ್ಲ. ಹೊಸಪೇಟೆ, ಹಂಪಿ, ಕಂಪ್ಲಿಗಳು 1953ನೆಯ ಇಸವಿ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದುವು. ಸಂಡೂರು 1949ರವರೆಗೆ ಬೇರೆಯೇ ಒಂದು ಸಂಸ್ಥಾನವಾಗಿದ್ದಿತು. 1963ರ ಶಾಸನದಿಂದ ಕನ್ನಡವು ರಾಜ್ಯದ ಆಡಳಿತಭಾಷೆಯಾದರೂ, ತೂಕದ ಕಾಗದ ಇಂಗ್ಲಿಷಿನಲ್ಲಿಯೇ ಇರಬೇಕೆಂಬ ಭಾವನೆ ಇನ್ನೂ ಪೂರ್ತಿ ಅಳಿದಿಲ್ಲ.

ಒಬ್ಬ ಗೃಹಸ್ಥರು ಹೀಗೆ ಬರೆದರೆಂದಿಟ್ಟುಕೊಳ್ಳೋಣ: ‘ಐ ಹ್ಯಾವ್ ಬಾಟ್ ದಿ ಸೋಫಾ ಆನ್ ಟೆಂತ್ ಜೂನ್. ದಿ ಕ್ಲಾತ್ ಈಸ್ ಟಿಯರಿಂಗ್ ಸಿನ್ಸ್ ಟೂ ಮಂತ್ಸ್. ವೆನ್ ಯುವರ್ ಮ್ಯಾನ್ ಕೇಮ್, ದಿ ಸ್ಟಿಚಿಂಗ್ ವಾಸ್ ಓಪನ್ಡ್.’

ಮೊದಲ ವಾಕ್ಯದಲ್ಲಿ ಕೊಂಡ ದಿನವನ್ನು ಹೇಳಿರುವುದರಿಂದ ‘ಹ್ಯಾವ್’ ಸಲ್ಲದು. ‘ಐ ಬಾಟ್’ ಎಂದರೆ ಸಾಕು. ಎರಡನೆಯದರಲ್ಲಿ ತಪ್ಪಿಗೆ ನಮ್ಮ ನುಡಿಯೇ ಕಾರಣ. ‘ಜೂನ್‌ನಿಂದ’, ‘ಎರಡು ತಿಂಗಳಿಂದ’ ಎಂದು ನಾವು ಎರಡು ಕಡೆಗೂ ಒಂದೇ ಪ್ರತ್ಯಯವನ್ನು ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಆರಂಭದ ದಿನಕ್ಕೆ ‘ಸಿನ್ಸ್’, ಕಾಲದ ಉದ್ದಕ್ಕೆ ‘ಫಾರ್’. ಆದುದರಿಂದ ‘ಹ್ಯಾಸ್ ಬೀನ್ ಟಿಯರಿಂಗ್ ಫಾರ್ ಟೂ ಮಂತ್ಸ್’ ಎಂಬುದು ಸರಿ. ಇವೆರಡೂ ಸಣ್ಣ ತಪ್ಪುಗಳು. ಓದುವವನಿಗೆ ಅರ್ಥ ಕೆಡದು.

ಮೂರನೆಯದು ಹಾಗಲ್ಲ. ಹೊಲಿಗೆ ತಾನಾಗಿ ಬಿಟ್ಟಿತ್ತೆಂಬುದು ಬರೆದವರ ಇಂಗಿತ. ‘ವಾಸ್ ಓಪನ್ಡ್’ ಎಂದರೆ ಯಾರೋ ಬಿಚ್ಚಿದರೆಂಬ ಅರ್ಥ ಬರುವುದು. ‘ನೀವೇ ಬಿಚ್ಚಿದ್ದೀರಿ, ಇನ್ನು ಗ್ಯಾರಂಟಿ ಇಲ್ಲ’ ಎಂದು ಮಾರಿದವರು ಕೈ ತೊಳೆದುಕೊಳ್ಳಲು ಇಷ್ಟು ಸಾಲದೆ? ‘ದಿ ಸೀಮ್ ಹ್ಯಾಡ್ ಕಮ್ ಅಪಾರ್ಟ್ ಬಿಫೋರ್ ಯುವರ್ ಮ್ಯಾನ್ ಕೇಮ್’ ಎಂದು ಬರೆದರೆ ಆ ಸಂದಿಗೆ ಎಡೆಯಿಲ್ಲ. ಕೆಲಸದವನೇ ಬಿಚ್ಚಿದ್ದರೆ ‘ಯುವರ್ ಮ್ಯಾನ್ ಓಪನ್ಡ್ ದಿ ಸೀಮ್’ ಎಂದು ಕರ್ತೃವನ್ನು ಹೆಸರಿಸತಕ್ಕದ್ದು. ಕನ್ನಡದಲ್ಲಿ ‘ಬಿಟ್ಟಿತು’, ‘ಬಿಚ್ಚಿದನು’ ಎಂಬ ಎರಡು ಮಾತುಗಳು ತಪ್ಪು ಯಾರದೆಂಬುದನ್ನು ತಾವೇ ಹೇಳಿಬಿಡುತ್ತವೆ. ಇಂಗ್ಲಿಷಿಗೆ ಹೋಗುವಾಗ ಆ ಭೇದ ಕಳೆಯಬಾರದು.

ಪತ್ರವನ್ನು ತಿದ್ದಿಕೊಡುವವರಿಗೂ ಒಂದು ಮಾತು ಉಂಟು. ಕಾಲೇಜಿನ ಹುಡುಗನೇ ತಿದ್ದಲಿ, ಈಗಿನ ಯಂತ್ರವೇ ತಿದ್ದಲಿ, ವಾಕ್ಯವು ನಯವಾದೀತು. ಆದರೆ ಹೊಲಿಗೆ ಬಿಟ್ಟಿತೋ ಬಿಚ್ಚಲ್ಪಟ್ಟಿತೋ ಎಂಬುದು ಅವರಿಗೆ ಹೇಗೆ ತಿಳಿಯಬೇಕು? ಸಂದೇಹ ಬಂದಲ್ಲಿ ಹುಡುಗನು ಮನೆಯವರನ್ನು ಕೇಳಬೇಕು. ಯಂತ್ರವು ತಿದ್ದಿದ್ದನ್ನು ಮನೆಯವರೇ ಮತ್ತೊಮ್ಮೆ ಓದಿ ನೋಡಬೇಕು. ಆದುದರಿಂದ ಏನಾಯಿತು, ಎಂದು ಆಯಿತು, ಯಾರಿಂದ ಆಯಿತು ಎಂಬುದನ್ನು ಮೊದಲು ಕನ್ನಡದಲ್ಲಿ ಬರೆದಿಟ್ಟುಕೊಂಡು ಆಮೇಲೆ ಇಂಗ್ಲಿಷಿಗೆ ಕೈಹಾಕುವುದು ಮೇಲು.

ಪತ್ರಕ್ಕೆ ಉತ್ತರ ಬಾರದಿದ್ದರೂ ದಾರಿ ಮುಚ್ಚಿಲ್ಲ. 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಶಾಸನದಂತೆ ಗ್ರಾಹಕನು ತಾನು ವಾಸಿಸುವ ಸ್ಥಳದ ವ್ಯಾಪ್ತಿಯ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. ಮಾರಿದವರ ಊರಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷಗಳೊಳಗೆ ಸಲ್ಲಿಸಬೇಕಾದುದರಿಂದ ತಾರೀಖು ಮುಖ್ಯ. ಬಿಲ್ಲು, ಗ್ಯಾರಂಟಿಯ ಕಾಗದ, ಹರಿದ ಭಾಗದ ಚಿತ್ರ, ಕಳುಹಿಸಿದ ಪತ್ರದ ಪ್ರತಿ ಇವಿಷ್ಟನ್ನು ಒಂದೆಡೆ ಜೋಪಾನವಾಗಿ ಇಟ್ಟಿರಬೇಕು.

ಸೊಗಸಾದ ಇಂಗ್ಲಿಷು ಬಾರದೆಂದು ನಾಚಿ ನಷ್ಟವನ್ನು ನುಂಗಿಕೊಳ್ಳುವವರು ಅನೇಕರಿದ್ದಾರೆ. ಅಂಥವರಿಗೆ ನಾವು ಹೇಳುವುದಿಷ್ಟೆ: ದೂರಿನಲ್ಲಿ ಬೆಡಗು ಬೇಡ, ನಡೆದುದು ನಡೆದಂತೆ ಇದ್ದರೆ ಸಾಕು. ನಾಲ್ಕು ಚಿಕ್ಕ ವಾಕ್ಯಗಳು ತಾರೀಖಿನೊಡನೆ ನೆಟ್ಟಗಿದ್ದರೆ, ಅವನ್ನು ಯಾರೂ ತಳ್ಳಿಹಾಕಲಾರರು.