ಆಣೆಕಲ್ಲಿನ ಅಪಾಯ: ಲೆಕ್ಕ ಹಾಕುವ ಬಗೆ

ತಿಕೋಟಾ, ಬಬಲೇಶ್ವರ ಭಾಗದಲ್ಲಿ ಅಕ್ಟೋಬರ್ ಚಾಟನಿಯ ದ್ರಾಕ್ಷಿ ಫೆಬ್ರುವರಿ-ಮಾರ್ಚ್‌ನಲ್ಲಿ ಕೊಯ್ಲಿಗೆ ಬರುತ್ತದೆ. ಆಣೆಕಲ್ಲಿನ ಕಾಲವೂ ಆಗಲೇ ಆರಂಭ. 2014ರ ಅದೇ ತಿಂಗಳುಗಳಲ್ಲಿ ಮಹಾರಾಷ್ಟ್ರ, ಉತ್ತರ ಕರ್ನಾಟಕದ ಬೆಳೆಗಾರರು ಅಪಾರ ಹಾನಿ ಅನುಭವಿಸಿದರು. ಮುಂದಿನ ಕಲ್ಲುಮಳೆ ಯಾವ ವರ್ಷ ಎಂದು ಯಾವ ಸಂಶೋಧಕನೂ ಹೇಳಲಾರ. ಹಳೆಯ ದಾಖಲೆ, ರಾಡಾರ್ ಚಿತ್ರ, ಮೇಲ್ಗಾಳಿಯ ತೇವ-ಉಷ್ಣತೆಗಳಿಂದ ಆತ ಕಟ್ಟುವುದು ಸಂಭವದ ಲೆಕ್ಕವನ್ನು ಮಾತ್ರ.

ಒಂದು ಪಡಕ್ಕೆ ‘ಹತ್ತು ವರ್ಷಕ್ಕೊಮ್ಮೆ’ ಎಂದು ಲೆಕ್ಕ ಬಂತೆನ್ನಿ. ಹೋದ ವರ್ಷ ಬಿದ್ದಿದೆ, ಇನ್ನು ಒಂಬತ್ತು ವರ್ಷ ಚಿಂತೆಯಿಲ್ಲ ಎಂದು ತಿಳಿಯುವವರುಂಟು. ಇದು ತಪ್ಪು. ಪ್ರತಿ ವರ್ಷವೂ ಹತ್ತರಲ್ಲಿ ಒಂದು ಪಾಲು ಅಪಾಯ ಇದ್ದೇ ಇದೆ. ಹತ್ತು ವರ್ಷಗಳಲ್ಲಿ ಒಮ್ಮೆಯಾದರೂ ಬೀಳುವ ಸಂಭವ ನೂರಕ್ಕೆ ಸುಮಾರು 65. ವಿಮೆ, ಬಲೆಗಳ ಖರ್ಚು ತೂಗುವಾಗ ಹಿಡಿಯಬೇಕಾದ ಅಂಕಿ ಇದು.

ದೊಡ್ಡ ತೊಡಕು ದಾಖಲೆಯದೇ. ಕಲ್ಲು ಕಿರಿದಾದ ಪಟ್ಟಿಯಲ್ಲಿ ಬೀಳುತ್ತದೆ. ತಿಕೋಟಾದ ಪಡ ಹಾಳಾದ ದಿನ ವಿಜಯಪುರ ನಗರದ ಮಳೆಮಾಪಕ ಒಣಗಿಯೇ ಇದ್ದೀತು. ಬಿದ್ದರೂ ಕರಗಿ ಮಿಲಿಮೀಟರ್ ನೀರಷ್ಟೇ ಉಳಿಯುತ್ತದೆ. ಆದ್ದರಿಂದ ದಿನಾಂಕ, ವೇಳೆ, ಎಷ್ಟು ನಿಮಿಷ ಬಿತ್ತು, ಕಲ್ಲು ಕಡಲೆಯಷ್ಟೋ ನಿಂಬೆಯಷ್ಟೋ, ಸರ್ವೆ ನಂಬರು ಇಷ್ಟನ್ನು ರೈತರು ಬರೆದಿಡಬೇಕು. ಬೀಳದ ವರ್ಷವನ್ನೂ ಬರೆಯತಕ್ಕದ್ದು. ಅದಿಲ್ಲದಿದ್ದರೆ ಲೆಕ್ಕವು ಅಪಾಯವನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸೀತು.