ನಿಮಗಿದು ಗೊತ್ತೆ? ವಾಲ್ವ್ ರೇಡಿಯೊ ಮತ್ತು ಮೇಣದ ಕಂಡೆನ್ಸರ್

ಕವಿತಾಳ, ಮಾನ್ವಿ, ದೇವದುರ್ಗದ ಕಡೆ ಯಾರದಾದರೂ ಮನೆಯಲ್ಲಿ ಅಜ್ಜನ ಕಾಲದ ವಾಲ್ವ್ ರೇಡಿಯೊ ಸಿಕ್ಕರೆ, 1966ರಲ್ಲಿ ಕಲಬುರಗಿ ಆಕಾಶವಾಣಿ ಶುರುವಾಗುವ ಮೊದಲೇ ಹೈದರಾಬಾದ್ ಕೇಳಿಸಿದ ಪೆಟ್ಟಿಗೆ ಅದಾಗಿರಬಹುದು. ದೂಳು ಒರೆಸಿ. ಪ್ಲಗ್ ಮಾತ್ರ ಚುಚ್ಚಬೇಡಿ.

ಅದರಲ್ಲಿ ಮೊದಲು ಕೆಡುವುದು ಸಾಮಾನ್ಯವಾಗಿ ವಾಲ್ವ್ ಅಲ್ಲ, ಕೆಪಾಸಿಟರ್. ರಿಪೇರಿ ಅಂಗಡಿಯವರ ಬಾಯಲ್ಲಿ ಇಂದಿಗೂ ‘ಕಂಡೆನ್ಸರ್’. ಆಗಿನವು ಕಾಗದ, ಲೋಹದ ಹಾಳೆ ಸುತ್ತಿ ಮೇಣ ಮೆತ್ತಿದವು. ಕಾಗದ ವರ್ಷಗಟ್ಟಲೆ ತೇವ ಹೀರಿ ವಿದ್ಯುತ್ ಸೋರಲು ಬಿಡುತ್ತದೆ. ಎರಡು ವಾಲ್ವ್‌ಗಳ ನಡುವಿನದು ಸೋರಿತೋ, ಔಟ್‌ಪುಟ್ ವಾಲ್ವ್ ಮಿತಿಮೀರಿ ಕಾದು ಟ್ರಾನ್ಸ್‌ಫಾರ್ಮರನ್ನೂ ಸುಡಬಹುದು. ಕೆಲವೇ ರೂಪಾಯಿಯ ಭಾಗ, ಹುಡುಕಿದರೂ ಸಿಗದ ಭಾಗವನ್ನು ಬಲಿ ತೆಗೆದುಕೊಳ್ಳುತ್ತದೆ! ಎಲೆಕ್ಟ್ರೊಲಿಟಿಕ್ ಕಂಡೆನ್ಸರ್‌ನ ರೋಗ ಬೇರೆ. ಒಳಗಿನ ದ್ರವವೇ ಒಣಗುತ್ತದೆ. ರಾಯಚೂರಿನ ಬಿಸಿಲಲ್ಲಂತೂ ಕೇಳುವುದೇ ಬೇಡ. ಆಗ ಸ್ಪೀಕರ್‌ನಲ್ಲಿ ಹಾಡಿಗಿಂತ ‘ಗುಂಯ್’ ಸದ್ದೇ ಜೋರು.

ಕಾಗದದವುಗಳ ಜಾಗಕ್ಕೆ ಅಷ್ಟೇ ಮೈಕ್ರೊಫ್ಯಾರಡ್‌ನ, 630 ವೋಲ್ಟ್ ತಡೆಯುವ ಪಾಲಿಯೆಸ್ಟರ್ ಕಂಡೆನ್ಸರ್ ಹಾಕುತ್ತಾರೆ. ಎಲೆಕ್ಟ್ರೊಲಿಟಿಕ್‌ನ ಪ್ಲಸ್, ಮೈನಸ್ ತಿರುವುಮುರುವಾದರೆ ಅದು ಸಿಡಿಯಬಹುದು. ಅಭ್ರಕದವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಳೆಯ ರೂಪದ ಮೇಲೆ ಮೋಹವಿರುವವರು ಮೇಣ ಕರಗಿಸಿ, ಹಳೇ ಕೊಳವೆಯೊಳಗೇ ಹೊಸದನ್ನು ಅಡಗಿಸಿಡುವುದುಂಟು.

ಸ್ವಿಚ್ ಆರಿಸಿದ ಮೇಲೂ ಒಳಗೆ 200–300 ವೋಲ್ಟ್ ಉಳಿದಿರಬಹುದು. ಬಲ್ಲವರ ಕೈಗೇ ಕೊಡಿ. ಅವರೂ ಮೊದಲ ಸಲ ನೇರವಾಗಿ ಕರೆಂಟ್ ಕೊಡದೆ, ನಡುವೆ ಒಂದು ಹಳೇ ಬಲ್ಬ್ ಜೋಡಿಸಿಯೇ ನೋಡುತ್ತಾರೆ. ಬಲ್ಬ್ ಪ್ರಖರವಾಗಿ ಉರಿಯುತ್ತಲೇ ಇದ್ದರೆ, ಒಳಗೆಲ್ಲೋ ಶಾರ್ಟ್ ಆಗಿದೆ.