ಎಮ್ಮೆದೊಡ್ಡಿಯ ಚರ್ಚಾಕೂಟ

ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರವೆಂದರೆ ಏಳು ದಿನಗಳ ಒಂದು ಸಂಸಾರ. ಬೆಳಗ್ಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿಯ ಊಟಕ್ಕೆ ಮೊದಲು ಏನಾದರೊಂದು ಕಲಾಪ. ನಮ್ಮ ಕಾಲೇಜಿನ ಶಿಬಿರ ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯಲ್ಲಿ ನಡೆದಾಗ, ಐದನೆಯ ದಿನದ ಸಂಜೆಗೆ ವಿದ್ಯಾರ್ಥಿಗಳು ತಾವೇ ಒಂದು ಚರ್ಚಾವಿಷಯವನ್ನು ಆರಿಸಿಕೊಂಡರು: 'ನೌಕರರ ಸಂಘಗಳ ಬಲದಿಂದ ಸರ್ಕಾರಿ ಸಂಬಳವು ಖಾಸಗಿ ಸಂಬಳವನ್ನು ಅನ್ಯಾಯವಾಗಿ ಮೀರಿದೆ.' ತೀರ್ಪುಗಾರರು ಇಬ್ಬರು. ಒಬ್ಬ ನಾನು, ಇನ್ನೊಬ್ಬರು ನಮ್ಮ ವಿಭಾಗದ ಅತಿಥಿ ಉಪನ್ಯಾಸಕಿ. ಶಾಲೆಯ ಅಂಗಳದಲ್ಲಿ ಜಮಖಾನ ಹಾಸಿದ್ದೆವು. ಊರಿನವರು ಒಬ್ಬೊಬ್ಬರಾಗಿ ಬಂದು ಜಗಲಿಯ ಅಂಚಿನಲ್ಲಿ ಕುಳಿತರು.

ಎಮ್ಮೆದೊಡ್ಡಿಗೆ ಸರ್ಕಾರ ಹೊಸ ಸಂಗತಿಯಲ್ಲ. ಮದಗದ ಕೆರೆಯ ಹತ್ತಿರದ ಈ ಸೀಮೆಯ ಕಾವಲು ಅಮೃತಮಹಲಿನ ದನಗಳಿಗೆಂದು ಮೀಸಲಾಗಿದ್ದುದು. ಅಮೃತಮಹಲ್ ಮೈಸೂರು ಅರಸರ ಕಾಲದ ಒಂದು ಇಲಾಖೆ. ಅದರ ದನಗಳನ್ನು ಕಾಯುವುದಕ್ಕೆ ಸೇರ್ವೆಗಾರರೆಂಬ ನೌಕರರಿದ್ದರು. ಆ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ಮನುಷ್ಯರಿಗಿಂತ ಮೊದಲು ಇಲ್ಲಿ ಹಸುಗಳೇ ಸರ್ಕಾರಿ ಸೇವೆಗೆ ಸೇರಿದ್ದುವು ಎಂದು ನಾನು ಆರಂಭದಲ್ಲಿ ನಗೆಯಾಡಿದೆ. ಹುಡುಗರು ನಕ್ಕರು. ಹಿರಿಯರು ನಗಲಿಲ್ಲ. ಕಾವಲಿನ ಭೂಮಿಯ ತಕರಾರು ಅವರಿಗೆ ನಗೆಯ ವಿಷಯವಲ್ಲವೆಂಬುದು ನನಗೆ ಆಮೇಲೆ ಹೊಳೆಯಿತು.

ವಿಷಯದ ಪರವಾಗಿ ಮಾತನಾಡಿದ ಹುಡುಗ ಚೆನ್ನಾಗಿ ಸಿದ್ಧನಾಗಿ ಬಂದಿದ್ದ. 2023ರ ಮಾರ್ಚ್ 1ರಂದು ರಾಜ್ಯದ ನೌಕರರು ಕಚೇರಿಗಳಿಗೆ ಬಾರದೆ ಮುಷ್ಕರ ಹೂಡಿದರು. ಅದೇ ದಿನ ಸರ್ಕಾರ ಶೇಕಡ 17ರ ಮಧ್ಯಂತರ ಪರಿಹಾರದ ಆದೇಶ ಹೊರಡಿಸಿತು. ಮುಂದೆ ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಕನಿಷ್ಠ ಮೂಲವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು. "ನಮ್ಮಕ್ಕ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದಿನವೆಲ್ಲ ಹೊಲಿದರೂ ಹನ್ನೆರಡು ಸಾವಿರ ಕೈಗೆ ಬರುತ್ತದೆ. ಅವಳಿಗೆ ಯಾವ ಆಯೋಗವಿದೆ?" ಎಂದು ಅವನು ಕೇಳಿದಾಗ ಜಗಲಿಯ ಕಡೆಯಿಂದ ಚಪ್ಪಾಳೆ ಬಂತು.

ವಿರೋಧಪಕ್ಷದ ಹುಡುಗಿಯ ಕಂಠ ಸಣ್ಣದು; ವಾದ ಮಾತ್ರ ಗಟ್ಟಿ. ಅವಳು ಆ ಗಾರ್ಮೆಂಟ್ಸಿನ ಮಾತನ್ನೇ ಹಿಡಿದಳು. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹಣ ತೆಗೆಯುವ ನಿಯಮವನ್ನು ಕೇಂದ್ರ ಸರ್ಕಾರ ಬಿಗಿಗೊಳಿಸಿದಾಗ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಇಳಿದರು. ಎರಡೇ ದಿನಗಳಲ್ಲಿ ನಿಯಮ ಹಿಂದಕ್ಕೆ ಹೋಯಿತು. "ಸಂಘವಿರುವವರ ಸಂಬಳ ಹೆಚ್ಚಾದದ್ದು ತಪ್ಪಲ್ಲ, ಅಕ್ಕನಿಗೆ ಸಂಘವಿಲ್ಲದ್ದು ತಪ್ಪು" ಎಂದಳು.

ಈ ವಾದಗಳನ್ನು ಕೇಳುತ್ತ ಕುಳಿತಿದ್ದಾಗ ನನಗೆ ಅನಿಸಿದ್ದು ಇಷ್ಟು. ಸರ್ಕಾರಿ ಸಂಬಳ ಹೆಚ್ಚೋ ಖಾಸಗಿ ಸಂಬಳ ಹೆಚ್ಚೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಹೊಸ ವೇತನಶ್ರೇಣಿಯಲ್ಲಿ ಅತಿ ದೊಡ್ಡ ಮೂಲವೇತನ 2,41,200 ರೂಪಾಯಿ. ಅಂದರೆ ಕೆಳಗಿನ ಮೆಟ್ಟಿಲಿಗೂ ಮೇಲಿನ ಮೆಟ್ಟಿಲಿಗೂ ಒಂಬತ್ತು ಪಟ್ಟಿನ ಅಂತರವೂ ಇಲ್ಲ. ದೊಡ್ಡ ಖಾಸಗಿ ಕಂಪೆನಿಯಲ್ಲಿ ಬಾಗಿಲು ಕಾಯುವವನಿಗೂ ಮುಖ್ಯಸ್ಥನಿಗೂ ಇರುವ ಅಂತರವನ್ನು ಇದರ ಪಕ್ಕದಲ್ಲಿ ಇಡುವಂತೆಯೇ ಇಲ್ಲ. ಆದುದರಿಂದ ಕೆಳಗಿನಿಂದ ನೋಡಿದವನಿಗೆ ಸರ್ಕಾರ ಉದಾರಿ. ಮೇಲಿನಿಂದ ನೋಡಿದವನಿಗೆ ಜಿಪುಣ. ಇಬ್ಬರು ಹೇಳುವುದೂ ನಿಜವೇ.

ಇನ್ನೊಂದು ಮಾತು. ಸಂಬಳದ ಹೋಲಿಕೆಗೆ ಹೊರಟ ಕಣ್ಣು ಯಾವಾಗಲೂ ಒಂದು ಮೆಟ್ಟಿಲು ಮೇಲಕ್ಕೇ ನೋಡುತ್ತದೆ. 1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು, ಎಂದರೆ ಎಚ್.ಎ.ಎಲ್., ಎಚ್.ಎಂ.ಟಿ., ಐ.ಟಿ.ಐ., ಬಿ.ಇ.ಎಲ್., ಬಿ.ಇ.ಎಂ.ಎಲ್.ಗಳವರು, 77 ದಿನ ಮುಷ್ಕರ ನಡೆಸಿದರು. ಈ ರಾಜ್ಯದ ಕಾರ್ಮಿಕ ಚರಿತ್ರೆಯಲ್ಲಿ ಅದೊಂದು ದೊಡ್ಡ ಅಧ್ಯಾಯ. ಅವರು ತಮ್ಮನ್ನು ಹೋಲಿಸಿಕೊಂಡದ್ದು ಯಾವ ಖಾಸಗಿ ಕಾರ್ಖಾನೆಯೊಡನೆಯೂ ಅಲ್ಲ. ಇನ್ನೊಂದು ಸಾರ್ವಜನಿಕ ಉದ್ಯಮವಾದ ಬಿ.ಎಚ್.ಇ.ಎಲ್.ನ ವೇತನದೊಡನೆ. 2021ರ ಏಪ್ರಿಲಿನಲ್ಲಿ ರಸ್ತೆ ಸಾರಿಗೆ ನಿಗಮಗಳ ನೌಕರರು ಎರಡು ವಾರ ಬಸ್ಸು ನಿಲ್ಲಿಸಿದಾಗಲೂ ಅವರು ಕೇಳಿದ್ದು ಸರ್ಕಾರಿ ನೌಕರರಿಗೆ ಸಿಕ್ಕ ಆರನೆಯ ವೇತನ ಆಯೋಗದ ಶ್ರೇಣಿಯನ್ನು. ಕಾಲೇಜು ಅಧ್ಯಾಪಕರಾದ ನಾವು ಯು.ಜಿ.ಸಿ. ಶ್ರೇಣಿಯವರು, ನಮ್ಮ ಕಣ್ಣು ಸಾಫ್ಟ್‌ವೇರಿನವರ ಮೇಲೆ. ಕೆಳಗಿನ ಮೆಟ್ಟಿಲನ್ನು ನೋಡಿ 'ಇವರಷ್ಟೇ ನಮಗೂ ಸಾಕು' ಎಂದ ಸಂಘವನ್ನು ನಾನು ಕಂಡಿಲ್ಲ. ಕಂಡಿದ್ದರೆ ಅದು ಸಂಘವಾಗಿರುತ್ತಿರಲಿಲ್ಲ, ಮಠವಾಗಿರುತ್ತಿತ್ತು.

ಚರ್ಚೆ ಮುಗಿದು ಸಭಿಕರಿಗೆ ಪ್ರಶ್ನೆ ಕೇಳಲು ಅವಕಾಶ ಕೊಟ್ಟೆವು. ಅಂಚಿನಲ್ಲಿ ಕುಳಿತಿದ್ದ ಒಬ್ಬ ಅಜ್ಜ ಎದ್ದುನಿಂತ. ಅವನ ಪ್ರಶ್ನೆ ಹುಡುಗರಿಗಲ್ಲ.

"ಮೇಷ್ಟ್ರೇ, ತಪ್ಪು ತಿಳೀಬೇಡಿ. ಐದು ದಿನದಿಂದ ನೋಡ್ತಾ ಇದೀನಿ. ಈ ಮೇಡಂನೋರೂ ನಿಮ್ಮಂಗೇ ಪಾಠ ಹೇಳೋರಲ್ವಾ? ಅವರಿಗೂ ನಿಮ್ಮಷ್ಟೇ ಕೊಡ್ತಾರಾ ಸರ್ಕಾರದೋರು?"

ನಾನು ಲೇಖನಿಯ ಮುಚ್ಚಳ ಹಾಕಿದೆ, ತೆಗೆದೆ. ಉತ್ತರ ಕೊಟ್ಟವರು ಅವರೇ.

"ಇಲ್ಲ ಅಜ್ಜಾ. ನನಗೆ ಮೂವತ್ತೆಂಟು ಸಾವಿರ."

"ಮೇಷ್ಟ್ರಿಗೆ?"

"ಅದರ ಮೂರು ಪಟ್ಟಿಗಿಂತ ಹೆಚ್ಚು" ಎಂದೆ. ಸುಳ್ಳು ಹೇಳುವುದಕ್ಕೆ ಬಾಯಿ ಬರಲಿಲ್ಲ.

"ರಜದಾಗೆ?"

"ರಜದಲ್ಲಿ ನನಗಿಲ್ಲ ಅಜ್ಜಾ" ಎಂದು ಅವರು ನಕ್ಕರು. ಅಜ್ಜ ಕುಳಿತುಕೊಂಡ. ಇಡೀ ಸಂಜೆ ಸರ್ಕಾರವನ್ನೂ ಖಾಸಗಿಯನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಿದ್ದೆವು. ಸರ್ಕಾರದ ಒಂದೇ ತಟ್ಟೆಯಲ್ಲಿ ಇಬ್ಬರು ಕುಳಿತಿದ್ದುದನ್ನು ಆ ಅಜ್ಜ ಕಂಡಿದ್ದ.

ವಾಚಕರಿಗೆ ಲೆಕ್ಕ ಹೇಳಬೇಕು. ಸಹಾಯಕ ಪ್ರಾಧ್ಯಾಪಕನಿಗೆ ವಾರಕ್ಕೆ 16 ಗಂಟೆ ಪಾಠ. ಸೇರಿದ ದಿನದ ಮೂಲವೇತನವೇ 57,700 ರೂಪಾಯಿ, ಭತ್ಯೆಗಳು ಬೇರೆ. ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ 2022ರ ಆದೇಶದಂತೆ ವಾರಕ್ಕೆ 15 ಗಂಟೆ. ಗೌರವಧನ ಅರ್ಹತೆ, ಅನುಭವಗಳಿಗನುಸಾರವಾಗಿ 26,000ದಿಂದ 32,000. ಅದಕ್ಕೆ ಮೊದಲು 11,000 ಅಥವಾ 13,000 ಇತ್ತು. 2024ರ ಆರಂಭದಲ್ಲಿ ಇನ್ನೂ ಐದರಿಂದ ಎಂಟು ಸಾವಿರ ಸೇರಿತು. ಗಂಟೆಗಳಲ್ಲಿ ಒಂದರ ವ್ಯತ್ಯಾಸ; ಹಣದಲ್ಲಿ ಎಷ್ಟೆಂಬುದನ್ನು ಅಜ್ಜನಿಗೆ ಹೇಳಿದ್ದಾಯಿತು.

ಕಾನೂನು ಏನನ್ನುತ್ತದೆ? ಎರಡೂ ಅನ್ನುತ್ತದೆ. ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ, ನಿಯಮದಂತೆ ನೇಮಕವಾಗದ ತಾತ್ಕಾಲಿಕ ನೌಕರರಿಗೆ ಖಾಯಂ ಆಗುವ ಹಕ್ಕಿಲ್ಲವೆಂದಿತು. ಅದೇ ನ್ಯಾಯಾಲಯ 2016ರಲ್ಲಿ, ಪಂಜಾಬಿನ ಜಗಜೀತ್ ಸಿಂಗ್ ಪ್ರಕರಣದಲ್ಲಿ, ಖಾಯಂ ನೌಕರನು ಮಾಡುವ ಕೆಲಸವನ್ನೇ ಮಾಡುವ ತಾತ್ಕಾಲಿಕನಿಗೆ ಆ ಹುದ್ದೆಯ ಶ್ರೇಣಿಯ ಕನಿಷ್ಠ ವೇತನ ಸಲ್ಲಬೇಕೆಂದಿತು. ಮೊದಲನೆಯ ತೀರ್ಪು ದಫ್ತರುಗಳಲ್ಲಿ ಎಲ್ಲರಿಗೂ ಬಾಯಿಪಾಠ. ಎರಡನೆಯದನ್ನು ಉದ್ಧರಿಸಿದ ಟಿಪ್ಪಣಿಯನ್ನು ನಾನು ಇನ್ನೂ ಓದಬೇಕಾಗಿದೆ.

ನನ್ನ ಮಾತನ್ನೂ ಬಚ್ಚಿಡಬಾರದು. 2021ರ ಡಿಸೆಂಬರಿನಲ್ಲಿ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಧರಣಿ ಕುಳಿತಾಗ, ನಾನು ಅವರ ತರಗತಿಗಳನ್ನು ನನ್ನ ತರಗತಿಗಳೊಡನೆ ಸೇರಿಸಿಕೊಂಡು ಪಾಠ ಮಾಡಿದೆ. ವಿದ್ಯಾರ್ಥಿಗಳಿಗೆ ನಷ್ಟವಾಗಬಾರದು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಸುಳ್ಳಲ್ಲ. ಆದರೆ ಬಿಟ್ಟ ತರಗತಿ ಹೇಗಾದರೂ ನಡೆಯುತ್ತದೆಂದಾದರೆ ಧರಣಿಯ ಬಲವೆಷ್ಟು? ದೊಡ್ಡಿಯ ಒಳಗಿದ್ದವನು ಹೊರಗಿದ್ದವರ ಮುಖದ ಮೇಲೆ ಅಗುಳಿ ಹಾಕಿದಂತೆ ಅದು. ಅಂದು ಬೀದಿಯಲ್ಲಿ ಕುಳಿತಿದ್ದವರಲ್ಲಿ ನನ್ನ ಪಕ್ಕದ ತೀರ್ಪುಗಾರರೂ ಒಬ್ಬರು. ಇಷ್ಟು ವರ್ಷಗಳಲ್ಲಿ ಅವರು ಆ ಮಾತೆತ್ತಿದವರಲ್ಲ.

ಅಂಕಪಟ್ಟಿಗಳನ್ನು ಕೂಡಿಸಲು ಕುಳಿತೆವು. ನಾನು ಹೆಚ್ಚು ಅಂಕ ಕೊಟ್ಟಿದ್ದುದು ವಿಷಯದ ಪರವಾಗಿ ಮಾತನಾಡಿದ ಹುಡುಗನಿಗೆ. ಅಜ್ಜನ ಪ್ರಶ್ನೆಯ ಬಿಸಿ ಅದರಲ್ಲಿ ಸೇರಿತ್ತೆಂದು ಈಗ ಒಪ್ಪುತ್ತೇನೆ. ಅವರು ವಿರೋಧಿಸಿದ ಹುಡುಗಿಗೆ ಕೊಟ್ಟಿದ್ದರು. ಆಶ್ಚರ್ಯದಿಂದ ಅವರ ಮುಖ ನೋಡಿದೆ.

"ಸಂಘ ಬೇಕು ಅಂದವಳ ಮಾತೇ ಸರಿ ಸರ್" ಎಂದರು. "ಹದಿಮೂರು ಸಾವಿರ ಮೂವತ್ತೆರಡಾದದ್ದು ನಾವು ಬೀದಿಯಲ್ಲಿ ಕೂತದ್ದರಿಂದ. ನಿಮ್ಮ ಸಂಬಳ ಕಡಿಮೆಯಾಗಲಿ ಅಂತ ನಾನು ಯಾವತ್ತೂ ಬಯಸಿಲ್ಲ. ಅದು ಇಳಿದರೆ ನಮ್ಮದು ಏರುತ್ತದೆಯೇ? ನಿಮ್ಮ ಸಂಘ ನಮ್ಮ ಹೆಸರನ್ನೂ ಹೇಳಬೇಕಾಗಿತ್ತು. ಅಷ್ಟೇ."

ಅರ್ಧ ಅಂಕದಿಂದ ಹುಡುಗಿ ಗೆದ್ದಳು. ಮರುದಿನ ನಸುಕಿನಲ್ಲಿ ಉಪ್ಪಿಟ್ಟಿಗೆ ರವೆ ಸಾಲದೆ ಬಂದಾಗ ಅವರೇ ಹುಡುಗರನ್ನು ಅಂಗಡಿಗೆ ಓಡಿಸಿದರು. ಶಿಬಿರದ ವರದಿಯಲ್ಲಿ ಅಧಿಕಾರಿಯ ಸಹಿ ನನ್ನದು.

ಊರಿಗೆ ಮರಳಿದ ಮೇಲೆ ನಮ್ಮ ಅಧ್ಯಾಪಕರ ಸಂಘದ ಒಬ್ಬ ಪದಾಧಿಕಾರಿಯನ್ನು ಕಂಡು, ಮುಂದಿನ ಬೇಡಿಕೆಪಟ್ಟಿಯಲ್ಲಿ ಅತಿಥಿ ಉಪನ್ಯಾಸಕರಿಗೆ ಶ್ರೇಣಿಯ ಕನಿಷ್ಠ ವೇತನವನ್ನೂ ರಜಾಕಾಲದ ಸಂಬಳವನ್ನೂ ಸೇರಿಸಬೇಕೆಂದೆ. "ಅವರಿಗೆ ಬೇರೆಯೇ ಸಂಘ ಇದೆಯಲ್ಲ ಸರ್" ಎಂದು ಅವರು ಮೃದುವಾಗಿಯೇ ಹೇಳಿದರು. ಬೇಕಾದರೆ ಸರ್ವಸದಸ್ಯರ ಸಭೆಗೆ ನಿರ್ಣಯ ಬರೆದುಕೊಡಿ, ನಿಯಮದಂತೆ ಸೂಚಕರೊಬ್ಬರು, ಅನುಮೋದಕರೊಬ್ಬರು ಇರಬೇಕು ಎಂದೂ ಸೇರಿಸಿದರು. ನಿರ್ಣಯವನ್ನು ಬರೆದಿದ್ದೇನೆ; ಒಂದು ಪುಟ. ಸೂಚಕನ ಸಾಲಿನಲ್ಲಿ ನನ್ನ ಸಹಿಯಿದೆ. ಅಧ್ಯಾಪಕರ ಕೊಠಡಿಯಲ್ಲಿ ಆ ಹಾಳೆ ಮೂರು ಮೇಜುಗಳನ್ನು ಸುತ್ತಿ ಬಂದಿದೆ. ಎರಡನೆಯ ಸಾಲು ಇನ್ನೂ ಖಾಲಿಯಾಗಿದೆ.